ರೈಕ್ಸ್‌ಮ್ಯೂಸಿಯಂನ ಮನೆವಾರ್ತೆ ಚಿತ್ರಗಳು: ಅರ್ಧ ದಿನ ಕೊಟ್ಟು ನೋಡಿ

ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂಗೆ ಬರುವವರಲ್ಲಿ ಹೆಚ್ಚಿನವರು ರೆಂಬ್ರಾಂಟ್‌ನ 'ನೈಟ್ ವಾಚ್' ನೋಡಲು ಬರುತ್ತಾರೆ. ದೊಡ್ಡ ಚಿತ್ರ, ನೋಡಲೇಬೇಕು. ಆದರೆ ನಾನು ಹೇಳಲು ಹೊರಟಿರುವುದು ಅದೇ ಮಹಡಿಯಲ್ಲಿ ತೂಗುಹಾಕಿರುವ ಸಣ್ಣ ಚಿತ್ರಗಳ ಬಗ್ಗೆ. ಹಾಲು ಸುರಿಯುವ ಕೆಲಸದವಳು. ಮಗುವಿನ ತಲೆಯಲ್ಲಿ ಹೇನು ನೋಡುವ ತಾಯಿ. ಒಗೆದ ಬಟ್ಟೆಯನ್ನು ಬೀರುವಿನಲ್ಲಿ ಜೋಡಿಸುವ ಇಬ್ಬರು ಹೆಂಗಸರು. ಊಟದ ಮುಂದೆ ಕಣ್ಣು ಮುಚ್ಚಿ ಕೂತ ಮುದುಕಿ. 17ನೇ ಶತಮಾನದ ಡಚ್ಚರ ಮನೆ, ಅಂಗಳ, ಅಡುಗೆಮನೆ, ಗುಂಡಿನ ಪಾರ್ಟಿ ಎಲ್ಲವೂ ಇಲ್ಲಿವೆ.

ನಾನು ಇಲ್ಲಿನ ಒಂದು ಹೋಟೆಲ್‌ನಲ್ಲಿ ಹೌಸ್‌ಕೀಪಿಂಗ್ ನೋಡಿಕೊಳ್ಳುತ್ತೇನೆ. ಊರು ಹಾಸನದ ಕಡೆ. ದಿನವಿಡೀ ನನ್ನ ಕಣ್ಣು ಇರುವುದು ಬೆಡ್‌ಶೀಟಿನ ಮಡಿಕೆ ಮೇಲೆ, ನೆಲದ ಕಲೆ ಮೇಲೆ, ಕಿಟಕಿ ಗಾಜಿನ ಮೇಲೆ. ಹಾಗಾಗಿ ಈ ಚಿತ್ರಗಳನ್ನು ನಾನು ನೋಡುವುದೂ ಅದೇ ಕಣ್ಣಿನಿಂದ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಮನೆಗೆಲಸವನ್ನು ಇಷ್ಟು ಗಮನ ಕೊಟ್ಟು, ಇಷ್ಟು ಹೊತ್ತು ನಿಂತು ನೋಡಿದ ಕಲಾವಿದರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ಆ ಗಮನಕ್ಕೋಸ್ಕರವೇ ಟಿಕೆಟ್ ದುಡ್ಡು ಕೊಡಬಹುದು. ಆದರೆ ಆಗ ಎಲ್ಲರ ಮನೆ ಹೀಗೇ ಇತ್ತು ಎಂದು ನಂಬಿ ಹೊರಗೆ ಬರಬೇಡಿ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಚಿತ್ರಗಳು ಇನ್ನೂ ಚೆನ್ನಾಗಿ ಕಾಣುತ್ತವೆ.

ಮೊದಲು ಹೋಗುವ ವಿಷಯ. ಮ್ಯೂಸಿಯಂ ವರ್ಷದ ಎಲ್ಲ ದಿನವೂ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ. ಟಿಕೆಟ್‌ ಜೊತೆಗೆ ಒಳಗೆ ಹೋಗುವ ಸಮಯವನ್ನೂ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. 18 ವರ್ಷದ ಒಳಗಿನವರಿಗೆ ಉಚಿತ. ಇಲ್ಲೇ ವಾಸ ಇರುವವರು ಮ್ಯೂಸಿಯಂಕಾರ್ಟ್ ಮಾಡಿಸಿಕೊಳ್ಳುವುದು ಒಳ್ಳೆಯದು. ಒಂದು ವರ್ಷದವರೆಗೆ ದೇಶದ 400ಕ್ಕೂ ಹೆಚ್ಚು ಮ್ಯೂಸಿಯಂಗಳಿಗೆ ನಡೆಯುತ್ತದೆ. ಪಕ್ಕದ ಊರು ಆಮ್‌ಸ್ಟೆಲ್ವೇನ್‌ನಲ್ಲಿ ಕನ್ನಡದವರು ತುಂಬ ಇದ್ದೀರಿ, ನಿಮಗೆ 5ನೇ ನಂಬರ್ ಟ್ರಾಮ್ ನೇರ ಹತ್ತಿರದಲ್ಲೇ ಇಳಿಸುತ್ತದೆ. ಒಂಬತ್ತಕ್ಕೇ ಹೋಗಿ. ಒಳಗೆ ಹೋದ ಕೂಡಲೇ ಸೀದಾ ಎರಡನೇ ಮಹಡಿಗೆ ಹತ್ತಿ. ಅಲ್ಲಿ 'ಗ್ಯಾಲರಿ ಆಫ್ ಆನರ್' ಎಂಬ ಉದ್ದನೆಯ ಹಜಾರ ಇದೆ. ಎಲ್ಲರೂ ಅದರ ತುದಿಯಲ್ಲಿರುವ ನೈಟ್ ವಾಚ್ ಕಡೆ ನಡೆಯುತ್ತಾರೆ. ನೀವು ಪಕ್ಕದ ಕೋಣೆಗಳಿಗೆ ತಿರುಗಿ. ಆ ಹೊತ್ತಿನಲ್ಲಿ ಯಾರ ಭುಜದ ಮೇಲಿಂದಲೂ ಇಣುಕದೆ ನೋಡಬಹುದು. ಈ ಚಿತ್ರಗಳಿಗೆ ಅದು ಬಹಳ ಮುಖ್ಯ, ಯಾಕೆಂದರೆ ಇವನ್ನು ಮನೆಯ ಗೋಡೆಗೆಂದು ಬರೆದದ್ದು. ಹತ್ತು ಅಡಿ ದೂರದಿಂದ ನೋಡಿದರೆ ಏನೂ ಸಿಗುವುದಿಲ್ಲ.

ಡೆಲ್ಫ್ಟ್ ಊರಿನ ಕಲಾವಿದ ಫರ್ಮೀರ್‌ನ ಹಾಲು ಸುರಿಯುವ ಹೆಂಗಸಿನಿಂದ ಶುರು ಮಾಡೋಣ. ಸುಮಾರು 1660ರ ಚಿತ್ರ. ಎತ್ತರ 45.5 ಸೆಂಟಿಮೀಟರ್, ಅಗಲ 41. ಫೋಟೋದಲ್ಲಿ ನೋಡಿದವರಿಗೆ ಇದು ಇಷ್ಟು ಚಿಕ್ಕದು ಎಂದು ಗೊತ್ತಿರುವುದಿಲ್ಲ. ಆದರೆ ಎದುರು ನಿಂತಾಗ ಆ ಹೆಂಗಸು ದೊಡ್ಡದಾಗಿ ಕಾಣುತ್ತಾಳೆ. ಅವಳ ಕೈ ನೋಡಿ. ತೋಳು ಮೇಲೆ ಸರಿಸಿದ್ದಾಳೆ. ಮೊಣಕೈ ಕೆಳಗಿನ ಚರ್ಮ ಕೆಂಪಾಗಿ ಒರಟಾಗಿದೆ, ಮೇಲಿನದು ಬಿಳಿ. ನೀರು, ಬಿಸಿಲು, ಬೂದಿಯಲ್ಲಿ ಕೆಲಸ ಮಾಡಿದ ಕೈ ಅದು. ನನ್ನ ಜೊತೆ ಕೆಲಸ ಮಾಡುವ ಹುಡುಗಿಯರ ಕೈಯೂ ಹಾಗೇ ಇದೆ. ಜಗ್ ಹಿಡಿದ ರೀತಿಯೂ ಸರಿಯಾಗಿದೆ: ಒಂದು ಕೈ ಹಿಡಿಕೆಗೆ, ಇನ್ನೊಂದು ಕೆಳಗೆ ಆಸರೆಗೆ. ಭಾರವಾದ ಪಾತ್ರೆಯಿಂದ ಸಣ್ಣ ಧಾರೆ ಬೀಳಿಸಬೇಕಾದರೆ ಹಾಗೇ ಹಿಡಿಯಬೇಕು. ಅದನ್ನು ಫರ್ಮೀರ್ ತನ್ನ ಕಣ್ಣಾರೆ ನೋಡದೆ ಬರೆದಿರಲಾರ.

ಮೇಜಿನ ಮೇಲೆ ಬ್ರೆಡ್ಡಿನ ತುಂಡುಗಳಿವೆ. ಹಳೆಯ ಬ್ರೆಡ್ಡಿಗೆ ಹಾಲು ಹಾಕಿ ಪುಡ್ಡಿಂಗ್ ತರಹ ಏನೋ ಮಾಡುತ್ತಿದ್ದಾಳೆ ಎನ್ನುತ್ತಾರೆ. ಉಳಿದದ್ದನ್ನು ಎಸೆಯದೆ ಬಳಸುವ ಅಡುಗೆ. ಬ್ರೆಡ್ಡಿನ ಮೇಲೆ ಹತ್ತಿರದಿಂದ ಕಣ್ಣಿಟ್ಟರೆ ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವಳ ಏಪ್ರನ್‌ನ ನೀಲಿ ಮಾತ್ರ ಅಗ್ಗದ ಬಣ್ಣವಲ್ಲ. ಅಫ್ಘಾನಿಸ್ತಾನದಿಂದ ಬರುತ್ತಿದ್ದ ಲ್ಯಾಪಿಸ್ ಲಜುಲಿ ಕಲ್ಲನ್ನು ಅರೆದು ಮಾಡಿದ್ದು. ಹಿಂದೆ ಚರ್ಚುಗಳಲ್ಲಿ ಈ ನೀಲಿಯನ್ನು ಮೇರಿ ಮಾತೆಯ ಬಟ್ಟೆಗೆ ಹಚ್ಚುತ್ತಿದ್ದರು. ಇಲ್ಲಿ ಅದು ಅಡುಗೆಮನೆ ಕೆಲಸದವಳ ಸೊಂಟದಲ್ಲಿದೆ. ನನಗೆ ಈ ಒಂದು ಸಂಗತಿಯೇ ಸಾಕು ಅನಿಸುತ್ತದೆ.

ಹಿಂದಿನ ಗೋಡೆ ಖಾಲಿ. ಮೊಳೆ ಬಿದ್ದ ತೂತು, ಒಂದು ಮೊಳೆ, ಅದರ ನೆರಳು. ಅಷ್ಟೇ. 2022ರಲ್ಲಿ ಮ್ಯೂಸಿಯಂನವರು ಸ್ಕ್ಯಾನ್ ಮಾಡಿ ನೋಡಿದಾಗ ಈ ಖಾಲಿ ಗೋಡೆಯ ಕೆಳಗೆ ಬೇರೆ ವಸ್ತುಗಳು ಸಿಕ್ಕವು. ತಲೆಯ ಹಿಂದೆ ಜಗ್‌ಗಳನ್ನು ನೇತುಹಾಕುವ ಹಲಗೆ, ಕೆಳಗೆ ಬಟ್ಟೆ ಒಣಗಿಸಲು ಕೆಂಡದ ಮೇಲಿಡುವ ಬುಟ್ಟಿ. ಫರ್ಮೀರ್ ಅವನ್ನು ಮೊದಲು ಬರೆದು ಆಮೇಲೆ ಮುಚ್ಚಿಬಿಟ್ಟಿದ್ದಾನೆ. ಒಂದೊಂದಾಗಿ ಸಾಮಾನು ತೆಗೆದು ಕೊನೆಗೆ ಅವಳನ್ನು, ಅವಳ ಕೆಲಸವನ್ನು ಮಾತ್ರ ಉಳಿಸಿದ್ದಾನೆ.

ಈಗ ಆ ಮನೆಯ ಇನ್ನೊಂದು ಮುಖ. ಫರ್ಮೀರ್‌ನ ಹೆಂಡತಿ ಕ್ಯಾಥರೀನಾ 15 ಮಕ್ಕಳನ್ನು ಹೆತ್ತಳು, 11 ಉಳಿದವು. ಅವನ ಚಿತ್ರಗಳಲ್ಲಿ ಆ ಗಲಾಟೆಯ ಸುಳಿವೇ ಇಲ್ಲ. ಅವರ ಮನೆಯ ಕೆಲಸದವಳು ತಾನೆಕೆ ಎವರ್‌ಪೂಲ್ 1666ರಲ್ಲಿ ಕೊಟ್ಟ ಸಾಕ್ಷಿ ಉಳಿದಿದೆ. ಕ್ಯಾಥರೀನಾಳ ಅಣ್ಣ ತುಂಬು ಬಸುರಿ ತಂಗಿಯನ್ನು ಕೋಲಿನಿಂದ ತಿವಿಯಲು ಬರುತ್ತಿದ್ದ, ತಾನು ತಡೆದೆ ಎಂದು ಅವಳು ಹೇಳಿದ್ದಾಳೆ. ಹಾಲು ಸುರಿಯುವವಳು ಇವಳೇ ಎನ್ನಲು ಆಧಾರ ಇಲ್ಲ. ಆದರೂ ನಾನು ಚಿತ್ರದ ಮುಂದೆ ನಿಂತಾಗ ತಾನೆಕೆ ನೆನಪಾಗುತ್ತಾಳೆ. 1675ರಲ್ಲಿ ಫರ್ಮೀರ್ ಸಾಲದಲ್ಲಿ ಸತ್ತ. ಬೇಕರಿಯವನಿಗೆ 600ಕ್ಕೂ ಹೆಚ್ಚು ಗಿಲ್ಡರ್ (ಆಗಿನ ಡಚ್ ನಾಣ್ಯ) ಬಾಕಿ ಇತ್ತು. ಅದಕ್ಕೆ ಈಡಾಗಿ ಹೆಂಡತಿ ಎರಡು ಚಿತ್ರ ಕೊಡಬೇಕಾಯಿತು. ಬ್ರೆಡ್ಡನ್ನು ಇಷ್ಟು ಚೆಂದ ಬರೆದವನ ಮನೆಯಲ್ಲಿ ಬ್ರೆಡ್ಡಿನ ಸಾಲ! ಹಾಲಿನ ಚಿತ್ರ 1696ರ ಹರಾಜಿನಲ್ಲಿ 175 ಗಿಲ್ಡರ್‌ಗೆ ಹೋಯಿತು. ಮ್ಯೂಸಿಯಂ ಅದನ್ನು ಕೊಂಡದ್ದು 1908ರಲ್ಲಿ.

ಅವನದೇ 'ಪುಟ್ಟ ಬೀದಿ' ಚಿತ್ರವನ್ನೂ ಬಿಡಬೇಡಿ. ಬಾಗಿಲಲ್ಲಿ ಕೂತು ಹೊಲಿಯುವವಳು, ಓಣಿಯಲ್ಲಿ ಬಗ್ಗಿ ಕೆಲಸ ಮಾಡುವವಳು, ಕಲ್ಲುಹಾಸಿನ ಮೇಲೆ ಆಡುವ ಮಕ್ಕಳು. ಇದು ಡೆಲ್ಫ್ಟ್ ಊರಿನ ಯಾವ ಜಾಗ ಎಂದು ಬಹಳ ವರ್ಷ ಹುಡುಕಾಟ ನಡೆದಿತ್ತು. 2015ರಲ್ಲಿ ಸಂಶೋಧಕ ಫ್ರಾನ್ಸ್ ಗ್ರೈಜೆನ್‌ಹೌಟ್ ಹಳೆಯ ತೆರಿಗೆ ಪುಸ್ತಕ ನೋಡಿ, ಈಗಿನ ಫ್ಲಾಮಿಂಗ್‌ಸ್ಟ್ರಾಟ್ 40 ಮತ್ತು 42ನೇ ನಂಬರ್ ಎಂದು ಹೇಳಿದರು. ಬಲಗಡೆಯ ಮನೆ ಫರ್ಮೀರ್‌ನ ಸೋದರತ್ತೆಯದು. ಗಂಡ ಸತ್ತ ಮೇಲೆ ಅವಳು ದನದ ಕರುಳು, ಜಠರ ಮಾರಿ ಮಕ್ಕಳನ್ನು ಸಾಕಿದವಳು. ಚಿತ್ರದ ಆ ಶಾಂತ ಗೋಡೆಯ ಹಿಂದೆ ಅಷ್ಟು ದುಡಿಮೆ ಇತ್ತು.

ನನಗೆ ಅತಿ ಇಷ್ಟದ ಚಿತ್ರ ಮಾತ್ರ ಫರ್ಮೀರ್‌ನದಲ್ಲ, ಪೀಟರ್ ಡೆ ಹೋಖ್‌ನದು. 1663ರಲ್ಲಿ ಬರೆದದ್ದು. ದೊಡ್ಡ ಮರದ ಬೀರುವಿನ ಮುಂದೆ ಇಬ್ಬರು ಹೆಂಗಸರು ನಿಂತಿದ್ದಾರೆ. ಅವರ ಕೈಯಲ್ಲಿ ಒಗೆದು ಮಡಿಸಿದ ಬಿಳಿ ಬಟ್ಟೆಯ ರಾಶಿ. ಹಿಂದೆ ಬಾಗಿಲ ಹತ್ತಿರ ಒಂದು ಮಗು ಕೋಲು ಹಿಡಿದು ಚೆಂಡಾಟ ಆಡುತ್ತಿದೆ. ತೆರೆದ ಬಾಗಿಲಿನಾಚೆ ಬೀದಿ, ಬಿಸಿಲು. ಇಷ್ಟೇ ಕಥೆ.

ಈ ಬಟ್ಟೆ ರಾಶಿಯ ಮುಂದೆ ನಾನು ತುಂಬ ಹೊತ್ತು ನಿಲ್ಲುತ್ತೇನೆ. ಮಡಿಕೆಯ ಅಂಚುಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆ. ಇಬ್ಬರೂ ಮಾತಾಡದೆ ರಾಶಿಯನ್ನೇ ನೋಡುತ್ತಿದ್ದಾರೆ. ಲಿನೆನ್ ಎಣಿಸಿ ಒಳಗಿಡುವಾಗ ಮುಖ ಹಾಗೇ ಇರುತ್ತದೆ. ಎಣಿಕೆ ತಪ್ಪಬಾರದು ಅಲ್ವಾ. ಆಗಿನ ಶ್ರೀಮಂತರ ಮನೆಯಲ್ಲಿ ದೊಡ್ಡ ಒಗೆತ ಅಪರೂಪಕ್ಕೆ ನಡೆಯುತ್ತಿತ್ತು. ಬೀರು ತುಂಬ ಬಟ್ಟೆ ಇದೆ ಎಂದರೆ, ಮುಂದಿನ ಒಗೆತದವರೆಗೆ ಕಾಯುವ ಶಕ್ತಿ ಇದೆ ಎಂದರ್ಥ. ಅದೇ ಆಸ್ತಿ. ಬಿಳುಪು ಸುಮ್ನೆ ಬರುತ್ತಿರಲಿಲ್ಲ. ಹಾರ್ಲೆಮ್ ಹತ್ತಿರದ ಬಯಲಿನಲ್ಲಿ ಬಟ್ಟೆಯನ್ನು ಕ್ಷಾರದ ನೀರಿನಲ್ಲಿ ನೆನೆಸಿ, ಮಜ್ಜಿಗೆಯಲ್ಲಿ ಅದ್ದಿ, ಹುಲ್ಲಿನ ಮೇಲೆ ಹರಡಿ, ಬಿಸಿಲಿಗೆ ಮತ್ತೆ ಮತ್ತೆ ಒಡ್ಡುತ್ತಿದ್ದರು. ಡೆ ಹೋಖ್‌ಗೆ ಈ ಬಟ್ಟೆ ಗೊತ್ತಿತ್ತು. ಡೆಲ್ಫ್ಟ್‌ನಲ್ಲಿದ್ದಾಗ ಅವನು ಒಬ್ಬ ಲಿನೆನ್ ವ್ಯಾಪಾರಿಯ ಬಳಿ ಕೆಲಸಕ್ಕಿದ್ದ ಎಂದು 1653ರ ಒಂದು ದಾಖಲೆ ಹೇಳುತ್ತದೆ.

ಅವನದೇ ಇನ್ನೊಂದು ಚಿತ್ರ ಸುಮಾರು 1658-60ರದು. ಮಗು ತಾಯಿಯ ತೊಡೆಯ ಮೇಲೆ ತಲೆ ಇಟ್ಟಿದೆ, ತಾಯಿ ಹೇನು ನೋಡುತ್ತಿದ್ದಾಳೆ. ಗೋಡೆಯೊಳಗೆ ಕಟ್ಟಿದ ಹಾಸಿಗೆ, ಪಕ್ಕದಲ್ಲಿ ಮಗುವಿನ ಕಕ್ಕಸು ಕುರ್ಚಿ, ಬಿಸಿಲು ಕಾಯುವ ಪುಟ್ಟ ನಾಯಿ. ಹೇನು ನೋಡುವುದನ್ನು ಚಿತ್ರ ಬರೆದು ಗೋಡೆಗೆ ಹಾಕಿಕೊಳ್ಳಬಹುದು ಎಂದು ಯಾರಿಗಾದರೂ ಅನಿಸಿತಲ್ಲ! ನಮ್ಮೂರಿನ ಜಗಲಿಗಳಲ್ಲಿ ಮಧ್ಯಾಹ್ನ ಕಾಣುತ್ತಿದ್ದ ದೃಶ್ಯವೇ ಇದು. ಮಗುವನ್ನು ಶುಚಿಯಾಗಿ, ಒಳ್ಳೆಯ ನಡತೆಯಲ್ಲಿ ಬೆಳೆಸುವುದು ತಾಯಿಯ ಕರ್ತವ್ಯ ಎಂಬುದು ಅಂದಿನ ಡಚ್ಚರ ದೊಡ್ಡ ಮೌಲ್ಯ. ಯಾಕೋಬ್ ಕಾಟ್ಸ್ ಎಂಬ ಕವಿ 1625ರಲ್ಲಿ ಹೆಣ್ಣಿನ ಜೀವನವನ್ನು ಕನ್ಯೆ, ಪ್ರೇಯಸಿ, ವಧು, ಹೆಂಡತಿ, ತಾಯಿ, ವಿಧವೆ ಎಂದು ಭಾಗ ಮಾಡಿ, ಪ್ರತಿ ಹಂತದಲ್ಲೂ ಹೇಗಿರಬೇಕು ಎಂದು ಪದ್ಯದಲ್ಲಿ ಬರೆದ. ಮನೆಮನೆಯಲ್ಲೂ ಓದಿದರು. ಗಮನಿಸಿ, ಆ ಆರರಲ್ಲಿ ದುಡಿಯುವ ಹೆಣ್ಣು ಎಂಬ ಹಂತವೇ ಇಲ್ಲ. ಕರುಳು ಮಾರಿ ಮಕ್ಕಳನ್ನು ಸಾಕಿದ ಆ ಸೋದರತ್ತೆ ಇದರಲ್ಲಿ ಎಲ್ಲಿ ಬರುತ್ತಾಳೆ?

ಈಗ ಗೈಡ್ ಟೂರ್ ವಿಷಯ. ಊರಿನಿಂದ ಅತ್ತೆ ಮಾವ ಬಂದಾಗ ಹೊರಗಿನ ಒಂದು ಖಾಸಗಿ ಕಂಪನಿಯ ಟೂರ್ ತೆಗೆದುಕೊಂಡಿದ್ದೆವು. ಹೆಸರು ಬೇಡ. ಗೈಡ್ ಈ ಕೋಣೆಗಳಲ್ಲಿ ಕೆಲವೇ ನಿಮಿಷ ನಿಲ್ಲಿಸಿದರು. ಪ್ರತಿ ವಸ್ತುವಿಗೂ ಒಂದು ಗುಟ್ಟಿನ ಅರ್ಥ ಹೇಳಿದರು. ಪೊರಕೆ ಎಂದರೆ ಶೀಲ. ಸಿಂಪಿ ತಿಂದರೆ ಕಾಮ. ಹಾಲು ಸುರಿಯುವವಳ ಹಿಂದೆ ನೆಲದಲ್ಲಿರುವ ಕಾಲು ಕಾಯಿಸುವ ಪೆಟ್ಟಿಗೆ ಎಂದರೂ ಕಾಮ. ಮುಂದಿನ ಕೋಣೆ. ಅತ್ತೆ ಪಾಪ ಬೀರುವಿನ ಚಿತ್ರ ಇನ್ನೂ ನೋಡುತ್ತಿದ್ದರು, ಅಷ್ಟರಲ್ಲಿ ಗುಂಪು ಹೊರಟಾಗಿತ್ತು. ನನಗೆ ಬೇಸರವಾಯಿತು. ದುಡ್ಡಿಗಲ್ಲ, ಆ ಅವಸರಕ್ಕೆ.

ಗೈಡ್ ಹೇಳಿದ್ದು ಸುಳ್ಳು ಎಂದು ನಾನು ಹೇಳುತ್ತಿಲ್ಲ. 1614ರಲ್ಲೇ ಬಂದ ಒಂದು ಡಚ್ ಚಿತ್ರಪುಸ್ತಕದಲ್ಲಿ ಆ ಕಾಲು ಕಾಯಿಸುವ ಪೆಟ್ಟಿಗೆಯನ್ನು ಹೆಂಗಸರ ಮೆಚ್ಚಿನ ಗೆಳೆಯ ಎಂದು ಕರೆದಿದ್ದಾರೆ. ಫರ್ಮೀರ್‌ನ ಪೆಟ್ಟಿಗೆಯ ಹಿಂದಿನ ಹೆಂಚಿನ ಮೇಲೆ ಬಿಲ್ಲು ಹಿಡಿದ ಪುಟ್ಟ ಮನ್ಮಥ ಇದ್ದಾನೆ. ಅದು ಆಕಸ್ಮಿಕವಲ್ಲ. 1976ರಲ್ಲಿ ಇದೇ ಮ್ಯೂಸಿಯಂನಲ್ಲಿ ಎಡ್ಡಿ ಡಿ ಯಾಂಗ್ ಎಂಬ ವಿದ್ವಾಂಸರು ಒಂದು ಪ್ರದರ್ಶನ ಮಾಡಿ, ಈ ಚಿತ್ರಗಳ ಒಳಗೆ ನೀತಿಪಾಠಗಳು ಅಡಗಿವೆ ಎಂದು ತೋರಿಸಿದರು. ಅಮೆರಿಕದ ಸ್ವೆಟ್ಲಾನಾ ಆಲ್ಪರ್ಸ್ 1983ರಲ್ಲಿ ಅದನ್ನು ಒಪ್ಪಲಿಲ್ಲ. ಡಚ್ಚರಿಗೆ ಕಣ್ಣಿಂದ ನೋಡುವುದೇ ತಿಳಿಯುವ ದಾರಿಯಾಗಿತ್ತು, ಚಿತ್ರದ ಮೈಯನ್ನು ದಾಟಿ ಗುಟ್ಟು ಹುಡುಕಬೇಕಿಲ್ಲ ಎಂದರು. ಇಬ್ಬರಲ್ಲಿ ನಾನು ಆಲ್ಪರ್ಸ್ ಕಡೆ ಜಾಸ್ತಿ ವಾಲುತ್ತೇನೆ. ಕಲ್ಲಿನ ನೆಲದ ಮೇಲೆ ಚಳಿಗಾಲದಲ್ಲಿ ನಿಂತು ಕೆಲಸ ಮಾಡುವವಳಿಗೆ ಆ ಕೆಂಡದ ಪೆಟ್ಟಿಗೆ ಮೊದಲು ಕಾಲಿಗೆ ಬಿಸಿ. ಮನ್ಮಥ ಆಮೇಲೆ. ಅವಳ ಮನಸ್ಸಿನಲ್ಲಿ ಯಾರೋ ಇರಬಹುದು, ಇದ್ದರೂ ಅವಳು ಹಾಲಿನ ಧಾರೆಯಿಂದ ಕಣ್ಣು ತೆಗೆದಿಲ್ಲ.

ನೀತಿಪಾಠ ನಿಜವಾಗಿಯೂ ಕಾಣಬೇಕೆಂದರೆ ಯಾನ್ ಸ್ಟೇನ್ ಎಂಬ ಕಲಾವಿದನ ಹತ್ತಿರ ಹೋಗಿ. ಅವನು ಮುಚ್ಚಿಡುವುದಿಲ್ಲ. 'ಸಂತಸದ ಕುಟುಂಬ' 1668ರದು. ಅಪ್ಪ ಗ್ಲಾಸ್ ಎತ್ತಿ ಹಾಡುತ್ತಿದ್ದಾನೆ. ಅಜ್ಜಿ, ಅಮ್ಮ ಜೊತೆಗೆ ದನಿಗೂಡಿಸಿದ್ದಾರೆ. ಮಕ್ಕಳು ಕೊಳಲು ಊದುತ್ತಿದ್ದಾರೆ, ಒಬ್ಬನ ಬಾಯಲ್ಲಿ ಹೊಗೆಸೊಪ್ಪಿನ ಕೊಳವೆ, ಇನ್ನೊಂದು ಮಗುವಿಗೆ ವೈನ್. ಪಾತ್ರೆಗಳು ನೆಲದಲ್ಲಿ ಬಿದ್ದಿವೆ. ಒಲೆಯ ಮೇಲೆ ಅಂಟಿಸಿದ ಕಾಗದದಲ್ಲಿ, ದೊಡ್ಡವರು ಹಾಡಿದಂತೆ ಚಿಕ್ಕವರು ಊದುತ್ತಾರೆ ಎಂಬ ಗಾದೆ ಬರೆದಿದೆ. ಮನೆ ಹರಡಿಕೊಂಡಿದ್ದರೆ ಡಚ್ಚರು ಇವತ್ತಿಗೂ ಯಾನ್ ಸ್ಟೇನ್‌ನ ಮನೆ ಎನ್ನುತ್ತಾರೆ. ಕೆಲಸದಲ್ಲಿ ಇದನ್ನು ನಾನು ಆಗಾಗ ಕೇಳುತ್ತೇನೆ, ಗ್ರೂಪ್ ಬುಕಿಂಗ್ ಖಾಲಿ ಮಾಡಿ ಹೋದ ರೂಮುಗಳಿಗೆ. ಸ್ಟೇನ್‌ನ ವಿಶೇಷ ಏನೆಂದರೆ ಅವನಿಗೆ ಈ ಜನರ ಮೇಲೆ ಕೋಪ ಇಲ್ಲ. ಅವನು ಡೆಲ್ಫ್ಟ್‌ನಲ್ಲಿ ಬಿಯರ್ ತಯಾರಿಕೆ ನಡೆಸಿದವನು, ಕೊನೆಗಾಲದಲ್ಲಿ ಲೈಡನ್‌ನಲ್ಲಿ ಹೆಂಡದಂಗಡಿ ಇಟ್ಟವನು. ಕುಡಿದು ಹಾಡುವವರ ಮುಖ ಅವನಿಗೆ ಹತ್ತಿರದಿಂದ ಗೊತ್ತು. ಪಾಠ ಹೇಳುತ್ತಾನೆ, ಆದರೆ ಆ ಸಂತೋಷವನ್ನು ಕೆಡಿಸುವುದಿಲ್ಲ.

ಅವನ 'ಸಂತ ನಿಕೊಲಾಸ್ ಹಬ್ಬ' ಇನ್ನೂ ಚೆನ್ನ. ಮಕ್ಕಳಿರುವವರು ಇದರ ಮುಂದೆ ಕೂತೇ ನೋಡಬೇಕು. ಡಿಸೆಂಬರ್ 5ರ ರಾತ್ರಿ ಮಕ್ಕಳು ಶೂ ಇಡುತ್ತಾರೆ, ಸಂತ ಬಂದು ಉಡುಗೊರೆ ತುಂಬುತ್ತಾನೆ. ನಮ್ಮ ಬೀದಿಯ ಮಕ್ಕಳು ಈಗಲೂ ಇಡುತ್ತಾರೆ. ಚಿತ್ರದಲ್ಲಿ ಪುಟ್ಟ ಹುಡುಗಿಗೆ ಬೊಂಬೆ ಸಿಕ್ಕಿದೆ, ಬಕೆಟ್ ತುಂಬ ತಿಂಡಿ ಇದೆ. ಅಮ್ಮ ಕೈ ಚಾಚಿದರೂ ಕೊಡುತ್ತಿಲ್ಲ. ದೊಡ್ಡ ಹುಡುಗ ಅಳುತ್ತಿದ್ದಾನೆ, ಅವನ ಶೂನಲ್ಲಿ ಸಿಕ್ಕಿದ್ದು ಬರೀ ಬೆತ್ತ. ಪಕ್ಕದ ಚಿಕ್ಕವನು ಬೆರಳು ತೋರಿಸಿ ನಗುತ್ತಾ ನಮ್ಮ ಕಡೆ ನೋಡುತ್ತಾನೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಶಿಕ್ಷೆಯ ಕಥೆ ಆಗುತ್ತಿತ್ತು. ಹಿಂದೆ ಪರದೆ ಹತ್ತಿರ ಅಜ್ಜಿಯನ್ನು ನೋಡಿ. ಅಳುವ ಹುಡುಗನನ್ನು ಬೆರಳು ಮಡಿಸಿ ಕರೆಯುತ್ತಿದ್ದಾಳೆ. ಅಲ್ಲಿ ಅವನಿಗೆ ಏನೋ ಇಟ್ಟಿದ್ದಾಳೆ. ಮಗಳಿಗೆ ಈ ಅಜ್ಜಿಯನ್ನು ಹುಡುಕು ಎಂದು ಹೇಳಿದ್ದೆ. ಹುಡುಕಿದ ಮೇಲೆ ಅವಳು ಅಲ್ಲಿಂದ ಕದಲಲಿಲ್ಲ.

ಇನ್ನು ಕೆಲವನ್ನು ಬೇಗ ಹೇಳುತ್ತೇನೆ. ನಿಕೋಲಾಸ್ ಮಾಸ್‌ನ ಮುದುಕಿ, ಸುಮಾರು 1656. ಒಬ್ಬಳೇ ಊಟಕ್ಕೆ ಕೂತು ಪ್ರಾರ್ಥನೆ ಮಾಡುತ್ತಿದ್ದಾಳೆ, ಕೆಳಗಿನಿಂದ ಬೆಕ್ಕು ಮೇಜುಬಟ್ಟೆ ಎಳೆಯುತ್ತಿದೆ. ಪ್ರಾರ್ಥನೆ ಮುಗಿಯುವ ಮೊದಲು ಬೆಕ್ಕು ಗೆಲ್ಲುತ್ತದಾ ಎಂದು ಕಾಯುವಂತಾಗುತ್ತದೆ. ಗೇಬ್ರಿಯೆಲ್ ಮೆಟ್ಸುವಿನ 'ಕಾಯಿಲೆ ಮಗು' 1664ರಿಂದ 66ರ ನಡುವಿನದು. ತೊಡೆಯ ಮೇಲಿನ ಮಗುವಿನ ಕಾಲುಗಳು ಶಕ್ತಿಯೇ ಇಲ್ಲದಂತೆ ಜೋತುಬಿದ್ದಿವೆ. ಅದಕ್ಕೆ ಸ್ವಲ್ಪ ಮೊದಲು, 1663-64ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ಲೇಗ್ ಬಂದು ಸುಮಾರು 10ರಲ್ಲಿ ಒಬ್ಬರು ಸತ್ತಿದ್ದರು. ಅದು ಗೊತ್ತಿದ್ದು ನೋಡುವುದಕ್ಕೂ ಗೊತ್ತಿಲ್ಲದೆ ನೋಡುವುದಕ್ಕೂ ವ್ಯತ್ಯಾಸ ಇದೆ.

ಗೆರಾರ್ಡ್ ಟೆರ್ ಬೋರ್ಖ್‌ನ ಚಿತ್ರದಲ್ಲಿ ಬೆನ್ನು ಹಾಕಿ ನಿಂತ ಹುಡುಗಿಯ ಬೆಳ್ಳಿ ಬಣ್ಣದ ಸ್ಯಾಟಿನ್ ನೋಡಿ. ಬಟ್ಟೆ ಗೊತ್ತಿರುವವರು ಅದರ ತೂಕ ಹೇಳಬಲ್ಲರು. ಜರ್ಮನ್ ಕವಿ ಗಯಟೆ ಇದನ್ನು ಅಪ್ಪ ಮಗಳಿಗೆ ಬುದ್ಧಿ ಹೇಳುವ ಚಿತ್ರ ಎಂದು ವರ್ಣಿಸಿದ. ಆದರೆ ಆ ಗಂಡಸು ಅಪ್ಪನಾಗುವಷ್ಟು ದೊಡ್ಡವನಲ್ಲ. ಮದುವೆ ಮಾತು ಎನ್ನುವವರಿದ್ದಾರೆ, ವೇಶ್ಯೆಯ ಮನೆ ಎನ್ನುವವರೂ ಇದ್ದಾರೆ. ಒಂದೇ ಚಿತ್ರದಲ್ಲಿ ಅತಿ ಮರ್ಯಾದೆಯ ಮನೆಯೂ ಅತಿ ಮರ್ಯಾದೆಗೆಟ್ಟ ಮನೆಯೂ ಕಾಣುವಂತೆ ಬರೆದಿದ್ದಾನೆ. ಮರ್ಯಾದೆ ಎಂಬುದು ಅಂದಿನ ಸಮಾಜದಲ್ಲಿ ಬಟ್ಟೆಯ ಮೇಲೆ ಎಷ್ಟು ನಿಂತಿತ್ತು ಎಂದು ಇದರಿಂದಲೇ ಗೊತ್ತಾಗುತ್ತದೆ.

ಯೂಡಿತ್ ಲೈಸ್ಟರ್‌ಳ 1629ರ ಚಿತ್ರದಲ್ಲಿ ಲೂಟ್ ಎಂಬ ತಂತಿವಾದ್ಯ ನುಡಿಸುವ ಯುವಕ ಇದ್ದಾನೆ. ಅವಳು ಹಾರ್ಲೆಮ್‌ನ ಕಲಾವಿದರ ಸಂಘದ ಸದಸ್ಯೆಯಾಗಿದ್ದಳು. ಆದರೂ ಅವಳ ಚಿತ್ರಗಳು ಅದೇ ಊರಿನ ಹೆಸರಾಂತ ಕಲಾವಿದ ಫ್ರಾನ್ಸ್ ಹಾಲ್ಸ್‌ನವು ಎಂದೇ ಬಹಳ ಕಾಲ ನಡೆದವು. 1893ರಲ್ಲಿ ನಕ್ಷತ್ರ ಇರುವ ಅವಳ ಸಹಿ ಗುರುತಿಸಿದ ಮೇಲೆ ಸರಿಹೋಯಿತು. ಹೆಂಗಸರು ಬರೆದ ಚಿತ್ರ ಗ್ಯಾಲರಿ ಆಫ್ ಆನರ್‌ಗೆ ಬಂದದ್ದು 2021ರ ಮಾರ್ಚ್‌ನಲ್ಲಿ. ಹೆಂಗಸರ ಮನೆಗೆಲಸದ ಚಿತ್ರಗಳಿಗೆ ಅಲ್ಲಿ ಜಾಗ ಮೊದಲೇ ಸಿಕ್ಕಿತ್ತು, ಹೆಂಗಸರ ಕುಂಚಕ್ಕೆ ಸಿಗಲು ಇಷ್ಟು ದಿನ ಬೇಕಾಯಿತು. ತಡವಾದರೂ ಮಾಡಿದ್ದು ಒಳ್ಳೆಯ ಕೆಲಸ.

ಇವನ್ನೆಲ್ಲ ಯಾರು ಕೊಳ್ಳುತ್ತಿದ್ದರು? ಪ್ರಾಟೆಸ್ಟೆಂಟ್ ಚರ್ಚುಗಳಿಗೆ ಚಿತ್ರ ಬೇಡವಾಗಿತ್ತು. ದುಡ್ಡಿದ್ದ ನಗರದ ಜನಕ್ಕೆ ಮನೆಗೆ ಚಿತ್ರ ಬೇಕಾಗಿತ್ತು. 1640ರಲ್ಲಿ ಇಲ್ಲಿಗೆ ಬಂದ ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ, ಬೇಕರಿಯವರು, ಕಟುಕರು ಅಂಗಡಿಯಲ್ಲಿ ಚಿತ್ರ ಹಾಕುತ್ತಾರೆ, ಕಮ್ಮಾರನ ಕುಲುಮೆ ಹತ್ತಿರವೂ ಚಿತ್ರ ಇರುತ್ತದೆ ಎಂದು ಆಶ್ಚರ್ಯದಿಂದ ಬರೆದ. ಫರ್ಮೀರ್‌ನ ಚಿತ್ರ ಕಮ್ಮಾರನಿಗೆ ಎಟುಕುತ್ತಿರಲಿಲ್ಲ ಬಿಡಿ. ಆದರೆ ಸ್ಟೇನ್ ಬರೆದ ಲೈಡನ್‌ನ ಬೇಕರಿ ದಂಪತಿಯ ಚಿತ್ರ ಇಲ್ಲೇ ಇದೆ, 1658ರದು. ಗಂಡ ಬಿಸಿ ಬ್ರೆಡ್ ತಂದು ಇಡುತ್ತಿದ್ದಾನೆ, ಹೆಂಡತಿ ಕೈಯಲ್ಲಿ ರಸ್ಕ್ ಹಿಡಿದಿದ್ದಾಳೆ, ಹಿಂದೆ ಹುಡುಗ ಕೊಂಬು ಊದಿ ಬ್ರೆಡ್ ಆಯಿತು ಎಂದು ಬೀದಿಗೆಲ್ಲ ಸಾರುತ್ತಿದ್ದಾನೆ. ಕೆಲಸ ಮಾಡಿ ಬದುಕುವುದೇ ಇಲ್ಲಿ ಗೌರವ. ಅವರ ಮುಖದಲ್ಲಿ ಅದು ಕಾಣುತ್ತದೆ.

ಅದೇ ಮಹಡಿಯಲ್ಲಿ ಪೆಟ್ರೊನೆಲ್ಲಾ ಓರ್ಟ್‌ಮನ್‌ಳ ಬೊಂಬೆಮನೆ ಇದೆ, 1686ರಿಂದ 1710ರವರೆಗೆ ಮಾಡಿಸಿದ್ದು. ಮಕ್ಕಳ ಆಟಿಕೆ ಅಂದುಕೊಳ್ಳಬೇಡಿ. ಶ್ರೀಮಂತ ಹೆಂಗಸರ ಹವ್ಯಾಸ ಇದು. ಕಾಲುವೆ ದಂಡೆಯ ನಿಜವಾದ ಮನೆಯಷ್ಟೇ ಖರ್ಚಾಗಿತ್ತು ಎನ್ನುತ್ತಾರೆ. ಚೀನಾದಿಂದ ತರಿಸಿದ ಪುಟಾಣಿ ಪಿಂಗಾಣಿ, ಬಾಣಂತಿ ಕೋಣೆ, ಪುಟ್ಟ ಬುಟ್ಟಿಗಳು, ಮಡಿಸಿಟ್ಟ ಬಟ್ಟೆ. ಡೆ ಹೋಖ್ ಚಿತ್ರ ನೋಡಿದ ಮೇಲೆ ಇದರ ಮುಂದೆ ಬನ್ನಿ. ಒಪ್ಪವಾಗಿ ಇಟ್ಟ ಮನೆ ಎಂಬುದು ಅವರಿಗೆ ಎಂಥ ಕನಸಾಗಿತ್ತು ಎಂದು ಕಣ್ಣಿಗೆ ಕಟ್ಟುತ್ತದೆ. ಡಚ್ಚರ ಶುಚಿತ್ವ ಬೆಣ್ಣೆ, ಗಿಣ್ಣಿನ ವ್ಯಾಪಾರದಿಂದ ಬಂದದ್ದು ಎಂದು ಕೆಲವು ಚರಿತ್ರೆಕಾರರು ಹೇಳುತ್ತಾರೆ. ಪಾತ್ರೆ ಕೊಳೆಯಾದರೆ ಬೆಣ್ಣೆ ಕೆಡುತ್ತದೆ, ಮಾರುಕಟ್ಟೆ ಹೋಗುತ್ತದೆ. ದಿನವೂ ಪಾತ್ರೆ, ನೆಲ ತಿಕ್ಕಿಸುವ ನನಗೆ ಇದು ಬಹಳ ಸರಿ ಅನಿಸಿತು.

ಈ ಚಿತ್ರಗಳಲ್ಲಿ ಇಲ್ಲದ್ದೂ ಇದೆ. ಮನೆಗೆ ಬರುವ ದುಡ್ಡು ಎಲ್ಲಿಂದ ಬಂತು ಎಂಬುದು ಒಳಕೋಣೆಯಲ್ಲಿ ಕಾಣುವುದಿಲ್ಲ. ಬೀರುವಿನ ಚಿತ್ರದ ವರ್ಷ 1663. ಅದೇ ವರ್ಷ ಜನವರಿಯಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಪೋರ್ಚುಗೀಸರಿಂದ ಕೊಚ್ಚಿ ಕೋಟೆಯನ್ನು ಕಿತ್ತುಕೊಂಡಿತು, ಮೆಣಸಿಗಾಗಿ. ಸ್ವಲ್ಪ ಕಾಲ ನಮ್ಮ ಬಸರೂರಿನಲ್ಲೂ ಅವರ ವ್ಯಾಪಾರದ ಕೋಠಿ ಇತ್ತು. ಸಮುದ್ರದಾಚೆ ಗುಲಾಮರ ವ್ಯಾಪಾರವೂ ನಡೆದಿತ್ತು. 2021ರಲ್ಲಿ ಮ್ಯೂಸಿಯಂ ಗುಲಾಮಗಿರಿಯ ಬಗ್ಗೆಯೇ ದೊಡ್ಡ ಪ್ರದರ್ಶನ ಮಾಡಿತು. ನಾನು ಅದನ್ನು ಮೆಚ್ಚುತ್ತೇನೆ. ತೆರೆದ ಬಾಗಿಲಿನಾಚೆಯ ಆ ಬಿಸಿಲಿನ ಬೀದಿ ಎಲ್ಲಿಯವರೆಗೆ ಹೋಗುತ್ತದೆ ಎಂದು ಈಗ ನಾವೇ ಕೇಳಿಕೊಳ್ಳಬಹುದು.

ಕೊನೆಗೆ ಒಂದಿಷ್ಟು ಉಪಯೋಗಕ್ಕೆ ಬರುವ ಮಾತು. ಮ್ಯೂಸಿಯಂನ ಆಪ್ ಉಚಿತ, ಮನೆಯಲ್ಲೇ ಹಾಕಿಕೊಂಡು ಇಯರ್‌ಫೋನ್ ತಗೊಂಡು ಹೋಗಿ. ಗುಂಪಿನ ಟೂರ್‌ಗಿಂತ ಅದೇ ವಾಸಿ, ಬೇಕಾದಲ್ಲಿ ನಿಲ್ಲಬಹುದು. ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಬಹುದು. ಚಿತ್ರಗಳು ಕೆಲವೊಮ್ಮೆ ಬೇರೆ ಊರಿಗೆ ಹೋಗಿರುತ್ತವೆ, ಯಾವುದಾದರೂ ಒಂದಕ್ಕಾಗಿಯೇ ಬರುತ್ತಿದ್ದರೆ ವೆಬ್‌ಸೈಟಿನಲ್ಲಿ ನೋಡಿಕೊಂಡು ಬನ್ನಿ. ಅಪ್ಪ ಅಮ್ಮ ಊರಿನಿಂದ ಬಂದಿದ್ದರೆ ಹತ್ತು ಚಿತ್ರ ಆರಿಸಿಕೊಳ್ಳಿ, ಸಾಕು. ಮಧ್ಯೆ 'ನೈಟ್ ವಾಚ್' ಹತ್ತಿರ ಹೋಗಿಬನ್ನಿ. 2019ರಿಂದ ಅದರ ದುರಸ್ತಿ, ಸಂಶೋಧನೆ ಜನರ ಎದುರೇ ನಡೆಯುತ್ತಿದೆ. ಹೊರಗಿನ ತೋಟಕ್ಕೆ ಟಿಕೆಟ್ ಬೇಡ. ಬರಲಾಗದ ಕರ್ನಾಟಕದ ಓದುಗರು ರೈಕ್ಸ್‌ಸ್ಟುಡಿಯೋ ಎಂಬ ಅವರ ತಾಣದಲ್ಲಿ ಈ ಚಿತ್ರಗಳನ್ನು ದೊಡ್ಡದು ಮಾಡಿ ನೋಡಬಹುದು, ಉಚಿತವಾಗಿ ಇಳಿಸಿಕೊಳ್ಳಬಹುದು. ನಾನು ಬೀರುವಿನ ಚಿತ್ರವನ್ನು ಪ್ರಿಂಟ್ ಹಾಕಿಸಿ ನಮ್ಮ ಲಿನೆನ್ ರೂಮಿನ ಬಾಗಿಲಿಗೆ ಅಂಟಿಸಿದ್ದೇನೆ. 5ಕ್ಕೆ 5 ಕೊಡುತ್ತೇನೆ.